ಅಳಿಯ ಬದಲಾಗುವ ದರ

ಲೋಕದ ಎಲ್ಲ ದರ್ಜಿಗಳೂ ಇಂದಿನ ಬಟ್ಟೆಯನ್ನು ನಾಳೆ ಕೊಡುತ್ತಾರೆ. ನಾಳೆಯ ಬಟ್ಟೆಯನ್ನು ಇಂದೇ ಕೊಡುತ್ತಿದ್ದವನು ನಮ್ಮ ಬೀದಿಯ ದರ್ಜಿ ಒಬ್ಬನೇ. ಹಾಗಾಗಿ ಅವನಿಗೆ 'ನಾಳೆ ಟೈಲರ್' ಎಂದೇ ಹೆಸರು. ಹೊಸದಾಗಿ ಬಂದವರು ಗಾಬರಿಯಾಗಿ, "ಯಾಕ್ರೀ, ಹೇಳಿದ ದಿನಕ್ಕೆ ಕೊಡಲ್ವಾ ಇವ್ರು?" ಎಂದು ಕೇಳಿದರೆ ಪಕ್ಕದ ಕ್ಷೌರದಂಗಡಿಯವನು ಕತ್ತಿ ಮಸೆಯುತ್ತಲೇ ಹೇಳುತ್ತಿದ್ದ: "ದಿನಕ್ಕೆ ಸರಿಯಾಗಿ ಕೊಡ್ತಾರೆ ಸ್ವಾಮಿ. ಆ ಅಂಗಿಯ ದಿನಕ್ಕೆ ನೀವು ಸರಿಯಾಗಿ ತಲುಪಬೇಕು, ಅಷ್ಟೇ."

ಅಂಗಡಿ ಎಂದರೆ ಅಂಥ ಅಂಗಡಿಯೇನಲ್ಲ. ಮೂರು ಅಂತಸ್ತಿನ ಕಟ್ಟಡವೊಂದರ ಮೆಟ್ಟಿಲು ಮೇಲೆ ಹತ್ತುವಾಗ ಅದರ ಅಡಿಯಲ್ಲಿ ಮಿಕ್ಕಿದ ಜಾಗ. ಬಾಗಿಲಲ್ಲಿ ನೆಟ್ಟಗೆ ನಿಲ್ಲಬಹುದು. ಎರಡು ಹೆಜ್ಜೆ ಒಳಗಿಟ್ಟರೆ ತಲೆ ಬಗ್ಗಿಸಬೇಕು. ಹೊಲಿಗೆ ಯಂತ್ರದ ಹತ್ತಿರ ಹೋಗುವಷ್ಟರಲ್ಲಿ ಎಂಥ ಅಹಂಕಾರಿಯೂ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದ. ಆ ಕೋಣೆಯ ಉದ್ದನೆಯ ಗೋಡೆಯ ತುಂಬ ಬಣ್ಣಬಣ್ಣದ ಸೀಮೆಸುಣ್ಣದ ಗೆರೆಗಳು. ಒಂದೊಂದು ಗೆರೆಯೂ ಒಬ್ಬೊಬ್ಬ ಗಿರಾಕಿ. ಯಾರು ಊದುತ್ತಿದ್ದಾರೆ, ಯಾರು ಸೊರಗುತ್ತಿದ್ದಾರೆ ಎಂಬುದು ಬೀದಿಗೆಲ್ಲ ಬಹಿರಂಗ. ಒಮ್ಮೆ ಆಸ್ಪತ್ರೆಯ ನರ್ಸಮ್ಮ ಒದ್ದೆ ಬಟ್ಟೆ ತಂದು ತನ್ನ ಗೆರೆಯನ್ನು ತಾನೇ ಒರೆಸಿಹೋದಳು. ಒರೆಸುವ ಅವಸರದಲ್ಲಿ ಪಕ್ಕದ ತಳ್ಳುಗಾಡಿಯವನ ಗೆರೆಯೂ ಅಳಿಸಿಹೋಗಿ, ಆತ ಬಹುಕಾಲ ಅಳತೆಯೇ ಇಲ್ಲದ ಮನುಷ್ಯನಾಗಿ ಓಡಾಡಿಕೊಂಡಿದ್ದ.

ಇದಕ್ಕೆಲ್ಲ ಮೂಲ ಏಳನೇ ತರಗತಿಯ ಗಣಿತ. ನಮ್ಮ ದರ್ಜಿಗೆ ಶಾಲೆಯಲ್ಲಿ ಯಾವುದೂ ತಲೆಗೆ ಹತ್ತುತ್ತಿರಲಿಲ್ಲ. ಪಾಠಗಳು ಅವನ ಒಂದು ಕಿವಿಯಿಂದ ಹೊಕ್ಕು, ಇನ್ನೊಂದು ಕಿವಿಯಿಂದ ಹೊರಡುವಾಗ ಒಳಗಿದ್ದದ್ದನ್ನೂ ಸ್ವಲ್ಪ ಹೊತ್ತುಕೊಂಡೇ ಹೋಗುತ್ತಿದ್ದವು. ಅಂಥವನಿಗೆ ಒಂದೇ ಒಂದು ದಿನ ಒಂದೇ ಒಂದು ಪಾಠ ಅರ್ಥವಾಯಿತು. ಮೇಷ್ಟರು ಹಲಗೆಯ ಮೇಲೆ ಎರಡು ಚುಕ್ಕೆ ಇಟ್ಟು, ಅವೆರಡನ್ನೂ ಸೇರಿಸಿ ಗೆರೆ ಎಳೆದು, "ನೋಡ್ರೋ, ಇಷ್ಟು ಮುಂದಕ್ಕೆ ಓಡಿದ್ರೆ ಅಷ್ಟು ಮೇಲಕ್ಕೆ ಏರುತ್ತೆ. ಇನ್ನಿಷ್ಟು ಓಡಿದ್ರೆ ಮತ್ತೆ ಅಷ್ಟೇ ಏರುತ್ತೆ. ಗೆರೆಯನ್ನ ಎಲ್ಲಿ ಹಿಡಿದು ನೋಡಿದ್ರೂ ಅದೇ ಲೆಕ್ಕ. ಏರನ್ನ ಓಟದಿಂದ ಭಾಗಿಸಿ, ಅದೇ ಇಳಿಜಾರು. ಅದೇ ಒಂದೇ ಸಮನಾದ ಬದಲಾವಣೆಯ ದರ," ಎಂದರು. ಹುಡುಗ ಮೈ ಜುಮ್ಮೆಂದು ಕೂತ. ಎರಡು ಚುಕ್ಕೆ ಕೊಟ್ಟರೆ ಮುಂದಿನದೆಲ್ಲ ಗೊತ್ತಾಗುತ್ತದೆ! ಗಂಟೆ ಹೊಡೆಯಿತು. "ಮಿಕ್ಕಿದ್ದು ನಾಳೆ," ಎಂದರು ಮೇಷ್ಟರು. ಮರುದಿನ ದರ್ಜಿಯ ಅಪ್ಪ, ಅವನೂ ದರ್ಜಿಯೇ, ಏಣಿಯಿಂದ ಜಾರಿ ಕಾಲು ಮುರಿದುಕೊಂಡ. ಹುಡುಗ ಯಂತ್ರದ ಮುಂದೆ ಕೂತ. ಶಾಲೆ ಅಲ್ಲಿಗೆ ಮುಗಿಯಿತು, ಪಾಠ ಅರ್ಧಕ್ಕೆ ನಿಂತಿತು.

ಅರ್ಧ ಪಾಠವೇ ಅವನ ಕೈ ಹಿಡಿಯಿತು ಎನ್ನಬೇಕು. 'ಬೆಳೆಯೋ ಮಗು, ಸ್ವಲ್ಪ ದೊಡ್ಡದಾಗೇ ಹೊಲೀರಿ' ಎಂದು ಹೇಳದ ತಾಯಿ ಇದ್ದಾಳೆಯೇ? ಬೇರೆ ದರ್ಜಿಗಳು ಅಂದಾಜಿನ ಮೇಲೆ ಒಂದಿಷ್ಟು ಬಟ್ಟೆ ಒಳಗೆ ಮಡಚಿ ಹೊಲಿಯುತ್ತಿದ್ದರು. ಇವನು ಶಾಲೆ ಶುರುವಾದಾಗ ಮಗುವಿನ ಅಳತೆ ಒಮ್ಮೆ, ಅರ್ಧ ವರ್ಷ ಕಳೆದ ಮೇಲೆ ಇನ್ನೊಮ್ಮೆ ತೆಗೆದು, ಗೋಡೆಯ ಮೇಲೆ ಎರಡು ಚುಕ್ಕೆ ಇಟ್ಟು, ಮರದ ಪಟ್ಟಿ ಹಿಡಿದು ಗೆರೆಯನ್ನು ಮುಂದಕ್ಕೆ ಎಳೆದು, ಮುಂದಿನ ವರ್ಷದ ಸಮವಸ್ತ್ರ ಹೊಲಿದುಕೊಡುತ್ತಿದ್ದ. ಒಂದನೇ ತರಗತಿಯಿಂದ ಐದನೆಯದರವರೆಗೆ ಮಕ್ಕಳು ಹೇಳಿದ ಮಾತು ಕೇಳುವಂತೆ ಒಂದೇ ಸಮ ಬೆಳೆಯುತ್ತವೆ. ಹಾಗಾಗಿ ಇವನ ಅಂಗಿಗಳು ಹೇಳಿದ ದಿನಕ್ಕೆ ಮೈಗೆ ಸರಿಯಾಗಿ ಬಂದು ಕೂರುತ್ತಿದ್ದವು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಜನ ನಗುವುದಕ್ಕೆ ಹೇಳುತ್ತಾರೆ. ಇವನು ಅದನ್ನು ಕಸುಬಿನ ಮೂಲಮಂತ್ರ ಎಂದುಕೊಂಡಿದ್ದ.

ಕೆಟ್ಟದ್ದು ಎಲ್ಲಿ ಎಂದರೆ, ಅದನ್ನೇ ದೊಡ್ಡವರಿಗೂ ಅನ್ವಯಿಸಿದಾಗ.

ಅಂಚೆಯವನ ಸೈಕಲ್ಲು ಕೆಟ್ಟು ಅವನು ಕಾಲ್ನಡಿಗೆಯಲ್ಲಿ ಕಾಗದ ಹಂಚುತ್ತಿದ್ದ ಕಾಲ. ಪ್ಯಾಂಟು ಬಿಗಿ ಮಾಡಿಸಲು ಎರಡು ಸಲ ಬಂದ. ಎರಡು ಅಳತೆ, ಎರಡು ಚುಕ್ಕೆ, ಒಂದು ಗೆರೆ. ಗೆರೆ ಕೆಳಮುಖವಾಗಿತ್ತು. ದರ್ಜಿ ಪಟ್ಟಿ ಹಿಡಿದು ಅದನ್ನು ಎಳೆಯುತ್ತಾ ಹೋಗಿ, ನೆಲಕ್ಕೆ ಮುಟ್ಟಿದ ಕಡೆ ನಿಂತು ಬೆವತುಬಿಟ್ಟ. ಅಂಗಡಿಗೆ ಬೀಗ ಹಾಕಿ ನೇರವಾಗಿ ಅಂಚೆಯವನ ಮನೆಗೆ ಹೋಗಿ, ಬಟ್ಟೆ ಒಣಹಾಕುತ್ತಿದ್ದ ಅವನ ಹೆಂಡತಿಯ ಮುಂದೆ ತಲೆ ತಗ್ಗಿಸಿ ನಿಂತ.

"ಅಮ್ಮಾ, ಧೈರ್ಯ ತಂದ್ಕೊಳ್ಳಿ."

"ಅಯ್ಯೋ, ಏನಾಯ್ತು?"

"ಇನ್ನೂ ಏನೂ ಆಗಿಲ್ಲ. ನಿಮ್ಮ ಯಜಮಾನ್ರ ಸೊಂಟ ತಿಂಗಳಿಗೆ ಒಂದಿಂಚು ಇಳೀತಿದೆ. ಈಗ ಮೂವತ್ತು. ಮೂವತ್ತು ತಿಂಗಳಿಗೆ ಸೊನ್ನೆ."

"ಸೊನ್ನೆ ಅಂದ್ರೆ?"

"ಸೊಂಟ ಇರಲ್ಲ."

"ಈಗ್ಲೂ ಇಲ್ಲ ಬಿಡಿ. ಪ್ಯಾಂಟು ನಿಂತಿರೋದು ಬೆಲ್ಟಿನ ದಯದಿಂದ," ಎಂದು ಆಕೆ ಇನ್ನೊಂದು ಬಟ್ಟೆ ಕೊಡವಿದಳು. "ಸರಿ, ಸೊನ್ನೆ ಆದ್ಮೇಲೆ?"

ದರ್ಜಿ ಸ್ವಲ್ಪ ಯೋಚಿಸಿದ. "ಗೆರೆ ಹೇಳೋ ಪ್ರಕಾರ ಅದಕ್ಕೂ ಕೆಳಗೆ ಹೋಗುತ್ತೆ. ಅಂಥ ಪ್ಯಾಂಟು ನಾನು ಇನ್ನೂ ಹೊಲಿದಿಲ್ಲಮ್ಮ. ಆದ್ರೆ ಪ್ರಯತ್ನ ಮಾಡ್ತೀನಿ."

ಅಂಚೆಯವನ ಸೊಂಟ ಇಪ್ಪತ್ತೆಂಟಕ್ಕೆ ಬಂದು ಅಲ್ಲೇ ಬಿಡಾರ ಹೂಡಿತು. ದರ್ಜಿಗೆ ಸಂತೋಷವಾಗಬೇಕಿತ್ತು; ಬೇಜಾರಾಯಿತು. "ಗೆರೆ ತಪ್ಪಲಿಲ್ಲ ಕಣಯ್ಯಾ, ಅಂಚೆಯವ್ರೇ ದಾರಿ ತಪ್ಪಿದ್ರು," ಎಂದು ಕ್ಷೌರದವನ ಹತ್ತಿರ ಹೇಳಿಕೊಂಡ.

ಈ ಮನುಷ್ಯನಿಗೆ ಇದ್ದವಳು ಒಬ್ಬಳೇ ಮಗಳು. ಹಣೆಬರಹ ಎಂದರೆ ಇದೇ ನೋಡಿ, ಅವಳು ಬೀದಿಯ ಕೊನೆಯ ಶಾಲೆಯಲ್ಲಿ ಏಳನೇ ತರಗತಿಗೆ ಗಣಿತದ ಟೀಚರು. ಅಪ್ಪ ಮಗಳು ಎಲ್ಲ ವಿಷಯವನ್ನೂ ಮಾತಾಡುತ್ತಿದ್ದರು, ಗಣಿತ ಒಂದನ್ನು ಬಿಟ್ಟು. ಒಮ್ಮೆ ಶುರುವಾದರೆ ಅಡುಗೆ ಆರಿಹೋಗುತ್ತದೆ ಎಂದು ತಾಯಿ ಅದನ್ನು ಮನೆಯೊಳಗೆ ನಿಷೇಧಿಸಿದ್ದಳು.

ಮಗಳು ಒಂದು ದಿನ ಯಾವುದೋ ಕಚೇರಿಯ ಲಿಫ್ಟಿನಲ್ಲಿ ಎರಡು ಅಂತಸ್ತುಗಳ ನಡುವೆ ಸಿಕ್ಕಿಬಿದ್ದಳು. ಲಿಫ್ಟ್ ರಿಪೇರಿಯ ಹುಡುಗ ಮೇಲಿನಿಂದ ಬಾಗಿಲು ಸೀಳಿ, ಕೈ ಕೊಟ್ಟು ಎಳೆದುಕೊಂಡ. ಕೈ ಕೊಟ್ಟವನು ವಾಪಸ್ಸು ತೆಗೆದುಕೊಳ್ಳಲಿಲ್ಲ, ಇವಳೂ ಬಿಡಲಿಲ್ಲ. ಹೀಗೆ ಮದುವೆಯ ಮಾತು ಮನೆಗೆ ಬಂತು.

"ಲಿಫ್ಟಿನವನಾ?" ದರ್ಜಿ ಹುಬ್ಬು ಗಂಟಿಕ್ಕಿದ. "ಬೇಡಮ್ಮಾ. ಲಿಫ್ಟು ನೆಟ್ಟಗೆ ಮೇಲಕ್ಕೆ ಹೋಗುತ್ತೆ. ಓಟ ಸೊನ್ನೆ, ಬರೀ ಏರು. ಸೊನ್ನೆಯಿಂದ ಭಾಗಿಸೋಕಾಗುತ್ತಾ? ಅಂಥೋನಿಗೆ ಇಳಿಜಾರೇ ಇಲ್ಲ. ಏನಂತ ನಂಬೋದು?"

"ಲಿಫ್ಟು ಕೆಟ್ಟಾಗ ತಾನೇ ಅಪ್ಪ ಅವ್ರನ್ನ ಕರೆಯೋದು. ಹೋಗೋದೆಲ್ಲ ಮೆಟ್ಟಿಲಲ್ಲೇ."

ಈ ಉತ್ತರ ದರ್ಜಿಗೆ ಬಹಳ ಹಿಡಿಸಿತು. ಮದುವೆ ಹತ್ತು ತಿಂಗಳಿಗೆ ಎಂದು ನಿಶ್ಚಯವಾಯಿತು. ಮದುವೆಯ ಕೋಟನ್ನು ತಾನೇ ಹೊಲಿಯುವುದಾಗಿ ಹೇಳಿ, ಅಂದೇ ಅಳಿಯನಾಗುವವನ ಸೊಂಟಕ್ಕೆ ಟೇಪು ಸುತ್ತಿದ. ಮೂವತ್ತೆರಡು ಇಂಚು. ಗೋಡೆಯ ಮೇಲೆ ಮೊದಲ ಚುಕ್ಕೆ.

ಆಮೇಲೆ ಹುಡುಗ ದಿನಾ ಸಂಜೆ ಮನೆಗೆ ಬರತೊಡಗಿದ. ದರ್ಜಿಯ ಹೆಂಡತಿಯ ಕೈ ದೊಡ್ಡದು, ಸೌಟು ಅದಕ್ಕಿಂತ ದೊಡ್ಡದು. "ಪಾಪ, ಹೊಟ್ಟೆ ಬೆನ್ನಿಗೆ ಅಂಟಿದೆ," ಎಂದು ಬಡಿಸಲು ನಿಂತರೆ, ಆ ಹುಡುಗ 'ಸಾಕು' ಎಂದದ್ದು ಅವಳ ಕಿವಿಗೆ 'ಹಾಕು' ಎಂದೇ ಬೀಳುತ್ತಿತ್ತು. ತಿಂಗಳು ಕಳೆದ ಮೇಲೆ ಎರಡನೇ ಅಳತೆ. ಮೂವತ್ತನಾಲ್ಕು. ಎರಡನೇ ಚುಕ್ಕೆ.

ದರ್ಜಿ ಮರದ ಪಟ್ಟಿ ತೆಗೆದುಕೊಂಡ. ತಿಂಗಳಿಗೆ ಎರಡಿಂಚು, ಮದುವೆಗೆ ಇನ್ನು ಒಂಬತ್ತು ತಿಂಗಳು. ಗೆರೆ ಗೋಡೆಯ ಮೇಲೇರಿ, ಕ್ಷೌರದಂಗಡಿಯ ಕಡೆಯ ಕಿಟಕಿಯನ್ನು ದಾಟಿ, ಮೆಟ್ಟಿಲ ಅಡಿಗೆ ತಲೆ ಬಡಿದುಕೊಂಡು ನಿಂತಿತು. ಐವತ್ತೆರಡು ಇಂಚು. ತೋಳಿಗೂ ಕುತ್ತಿಗೆಗೂ ಅದೇ ನ್ಯಾಯ. ದರ್ಜಿ ಒಳ್ಳೆಯ ಬೂದು ಬಟ್ಟೆ ತಂದು ಕೋಟು ಹೊಲಿಯಲು ಕೂತ.

ಆ ಕೋಟನ್ನು ಏನೆಂದು ಹೇಳಲಿ! ಅದನ್ನು ಇಸ್ತ್ರಿ ಮಾಡುವಾಗ ಒಂದು ಕಡೆಯಿಂದ ಶುರು ಮಾಡಿದರೆ, ಇನ್ನೊಂದು ಕಡೆ ಮುಗಿಯುವಷ್ಟರಲ್ಲಿ ಮೊದಲ ಕಡೆ ಮತ್ತೆ ಸುಕ್ಕಾಗಿರುತ್ತಿತ್ತು. ಹ್ಯಾಂಗರಿಗೆ ಹಾಕಿ ಬಾಗಿಲಲ್ಲಿ ತೂಗಿಬಿಟ್ಟಾಗ ಕ್ಷೌರದಂಗಡಿಯೊಳಗೆ ದೀಪ ಹಚ್ಚಬೇಕಾಯಿತು. ಬೀದಿಯ ಬೆಕ್ಕು ಅದರ ಬಲತೋಳಿನಲ್ಲಿ ಸಂಸಾರ ಹೂಡಿತು. ಎಡತೋಳನ್ನು ಬಾಡಿಗೆಗೆ ಬಿಡುವ ಯೋಚನೆಯಲ್ಲಿತ್ತು ಎಂದು ಕಾಣುತ್ತದೆ. ದಾರಿಹೋಕರು ಯಾರೋ ದೊಡ್ಡ ಮನುಷ್ಯರು ನಿಂತಿದ್ದಾರೆ ಎಂದುಕೊಂಡು ನಮಸ್ಕಾರ ಹೊಡೆದು ಹೋಗುತ್ತಿದ್ದರು. ದರ್ಜಿ ಕೋಟಿನ ಎದೆಗೆ ಗುಂಡುಸೂಜಿಯಿಂದ ಒಂದು ಚೀಟಿ ಚುಚ್ಚಿದ್ದ: 'ಅಳಿಯಂದಿರು. ಮದುವೆಗೆ.'

ಆ ಹುಡುಗನನ್ನು ಸಾಕಿ ಬೆಳೆಸಿದ್ದು ಅವನ ಸೋದರತ್ತೆ. ಆಕೆ ಬಸ್ ಕಂಡಕ್ಟರು. ಆಕೆ ಮೆಲ್ಲಗೆ ಮಾತಾಡಿದರೆ ಹಿಂದಿನ ನಿಲ್ದಾಣದವರೂ ಮುಂದಿನ ನಿಲ್ದಾಣದವರೂ ಒಟ್ಟಿಗೆ ತಿರುಗಿ ನೋಡುತ್ತಿದ್ದರು. ಒಂದು ದಿನ ಬೀಗರ ಅಂಗಡಿ ನೋಡಿಕೊಂಡು ಹೋಗೋಣ ಎಂದು ಆಕೆ ಬಂದವಳು, ಬಾಗಿಲಲ್ಲೇ ಕೋಟಿಗೆ ಎದುರಾಗಿ ನಿಂತಳು. ಚೀಟಿ ಓದಿದಳು.

"ಇದ್ಯಾರ ಕೋಟು?"

"ಓದಿದ್ರಲ್ಲ. ಅಳಿಯಂದಿರದ್ದು," ಎಂದ ದರ್ಜಿ ಹೆಮ್ಮೆಯಿಂದ.

"ಯಾವ ಅಳಿಯ?"

"ಇರೋಳು ಒಬ್ಬಳೇ ಮಗಳು. ಇನ್ಯಾವ ಅಳಿಯ ಬರ್ತಾನೆ ಅಮ್ಮಾ?"

"ನಮ್ಮ ಹುಡುಗ ಇದರೊಳಗೆ ಹೋದ್ರೆ ಹುಡುಕೋಕೆ ಟಾರ್ಚು ಬೇಕು!"

"ಈಗಿನ ಅಳಿಯನ ಲೆಕ್ಕ ಬಿಡಿ. ಮದುವೆ ಹೊತ್ತಿಗೆ ಅಳಿಯ ಬದಲಾಗಿರ್ತಾನೆ."

ಅತ್ತೆಯ ಮುಖದ ಬಣ್ಣವೇ ಹೋಯಿತು. "ಏನಂದ್ರಿ? ಅಳಿಯ ಬದಲಾಗಿರ್ತಾನಾ?"

"ಆಗ್ಲೇ ಬದಲಾಗ್ತಾ ಇದಾನಲ್ಲಮ್ಮ, ನೀವು ನೋಡಿಲ್ವಾ? ತಿಂಗಳು ತಿಂಗಳೂ ಒಂದೇ ಸಮ ಬದಲಾಗ್ತಾನೆ. ನಾನು ದರ ಕೂಡ ಹಾಕಿಟ್ಟಿದೀನಿ. ಬನ್ನಿ, ಗೋಡೆ ಮೇಲೆ ತೋರಿಸ್ತೀನಿ."

"ತಿಂಗಳಿಗೊಬ್ಬ ಅಳಿಯ! ಅದಕ್ಕೆ ದರ ಬೇರೆ ಹಾಕಿದೀರಾ!" ಅತ್ತೆಯ ಧ್ವನಿಗೆ ಎದುರು ಮನೆಯ ಕಿಟಕಿಗಳು ತಾವಾಗಿ ತೆರೆದುಕೊಂಡವು. "ದಪ್ಪ ಕುಳ ಸಿಕ್ತು ಅಂತ ನಮ್ಮ ಹುಡುಗನ್ನ ದಾರೀಲಿ ಇಳಿಸ್ತೀರಾ? ನಾವೇ ಇಳ್ಕೋತೀವಿ ಬಿಡಿ!"

ದರ್ಜಿ ಏನು ಹೇಳಿದನೋ ಅದೇ ಮಾತನ್ನು ಇನ್ನೂ ವಿವರವಾಗಿ ಹೇಳಿದ. ಅದರಿಂದ ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಅಂದಿನಿಂದ ಹುಡುಗ ನಮ್ಮ ಬೀದಿಗೆ ಕಾಲಿಡಲಿಲ್ಲ. ತಿಂಗಳ ಮೇಲೆ ತಿಂಗಳಾಗುತ್ತ ಬಂತು. ಕೊನೆಗೆ ಅತ್ತೆಯಿಂದ ಮಾತು ಬಂತು: ಬರುವ ಭಾನುವಾರ ತಾನು ಬರುತ್ತೇನೆ, ತನ್ನ ಕಣ್ಣೆದುರಿಗೆ ಆ ಕೋಟನ್ನು ತನ್ನ ಹುಡುಗನ ಮೈಗೆ ಸರಿಯಾಗಿ ಕತ್ತರಿಸಬೇಕು. ಇಲ್ಲವೇ ಅದರ ಒಡೆಯ ಯಾರೋ ಆ ದಪ್ಪನೆಯವನನ್ನು ತಂದು ನಿಲ್ಲಿಸಬೇಕು. ಎರಡೂ ಆಗದಿದ್ದರೆ ಮದುವೆ ಇಲ್ಲ.

ಹುಡುಗ ಅತ್ತೆಯ ಕಣ್ಣು ತಪ್ಪಿಸಿ ಶಾಲೆಯ ಗೇಟಿನ ಹತ್ತಿರ ಬಂದು ನಿಂತಿದ್ದ.

"ನಾನು ಬೇಕಾದ್ರೆ ಐವತ್ತೆರಡು ಆಗ್ತೀನಿ," ಎಂದ. "ನಿಮ್ಮಪ್ಪನ ಮಾತು ಯಾಕೆ ಸುಳ್ಳಾಗ್ಬೇಕು? ಸ್ವಲ್ಪ ಟೈಮ್ ಕೊಡು."

"ಲಿಫ್ಟಿನ ಗುಂಡಿಯೊಳಗೆ ಹೇಗೆ ಇಳೀತೀಯ ಆಮೇಲೆ?"

"ಸಾಮಾನು ಸಾಗಿಸೋ ಲಿಫ್ಟಿನ ಕೆಲಸಕ್ಕೆ ಹಾಕಿ ಅಂತ ಕೇಳ್ಕೋತೀನಿ."

ಮಗಳಿಗೆ ನಗುವೂ ಬಂತು, ಅಳುವೂ ಬಂತು. ಅವಳು ಮನೆಗೆ ಹೋಗದೆ ನೇರವಾಗಿ ಅಂಗಡಿಗೆ ಬಂದಳು.

"ಅಪ್ಪ, ಆ ಕೋಟನ್ನ ಚಿಕ್ಕದು ಮಾಡಿ."

"ಅದೊಂದು ಕೇಳ್ಬೇಡ ಮಗಳೇ. ನಾಳೆ ಸರಿಹೋಗೋದನ್ನ ಇವತ್ತು ಕೆಡಿಸೋದಾ? ಗೆರೆ ಹೇಳಿದ್ದನ್ನ ಕತ್ತರಿ ಮೀರಬಾರದು."

"ಎರಡೇ ಅಳತೆ ತಗೊಂಡು ಗೆರೆ ಎಳೆದಿದೀರಿ."

"ಮತ್ತೆಷ್ಟು ಬೇಕು? ನಮ್ಮ ಮೇಷ್ಟ್ರೂ ಎರಡೇ ಚುಕ್ಕೆ ಇಟ್ಟಿದ್ದು. ಗೆರೆ ಬರಲಿಲ್ವಾ?"

"ಮಾರನೇ ದಿನ ಏನು ಹೇಳ್ಕೊಟ್ರು?"

ದರ್ಜಿ ಸೂಜಿಗೆ ದಾರ ಪೋಣಿಸುವವನಂತೆ ಕಣ್ಣು ಕಿರಿದು ಮಾಡಿದ. "ಮಾರನೇ ದಿನ ನಾನು ಹೋಗಲಿಲ್ಲಮ್ಮ. ನಿಮ್ಮ ತಾತ ಏಣಿಯಿಂದ ಬಿದ್ರಲ್ಲ."

ಮಗಳು ತಲೆಯ ಮೇಲೆ ಕೈಯಿಟ್ಟುಕೊಂಡು ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕುಸಿದಳು. "ನಾಳೆ ನಮ್ಮ ಕ್ಲಾಸಲ್ಲಿ ಅದೇ ಪಾಠ. ಬಂದು ಕೂತ್ಕೊಳ್ಳಿ," ಎಂದಳು. "ನನಗೋಸ್ಕರ. ಆಮೇಲೂ ಕೋಟು ಹಾಗೇ ಇರಲಿ ಅಂದ್ರೆ ನಾನು ಇನ್ನೊಂದು ಮಾತಾಡಲ್ಲ. ಮದುವೆ ಬೇಡ ಅಂತ ನಾನೇ ಹೇಳ್ಕಳಿಸ್ತೀನಿ."

ದರ್ಜಿ ಮರುದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಏಳನೇ ತರಗತಿಗೆ ಹೋದ. ಬೆಂಚು ಎಷ್ಟು ಗಿಡ್ಡ ಎಂದರೆ ಮಂಡಿಗಳು ಕಿವಿಗೆ ಮುಟ್ಟಿ, ಪಾಠ ಕೇಳಬೇಕಾದರೆ ಅವುಗಳನ್ನು ಸರಿಸಿಕೊಳ್ಳಬೇಕಿತ್ತು. ಪಕ್ಕದಲ್ಲಿ ಎರಡು ಜಡೆಯ ಹುಡುಗಿ ಇವನ ಕಡೆ ಅನುಮಾನದಿಂದ ನೋಡಿ, ತನ್ನ ಪೆನ್ಸಿಲ್ ಡಬ್ಬಿಯನ್ನು ಆಚೆ ಇಟ್ಟುಕೊಂಡಳು.

ಟೀಚರು ಹಲಗೆಯ ಮೇಲೆ ಒಂದು ನಲ್ಲಿ, ಅದರ ಕೆಳಗೊಂದು ಬಕೆಟು ಬರೆದಳು. "ಒಂದು ನಿಮಿಷಕ್ಕೆ ಎರಡು ಲೀಟರ್ ನೀರು ಬಂತು. ಎರಡು ನಿಮಿಷಕ್ಕೆ ನಾಲ್ಕು. ಹತ್ತು ನಿಮಿಷಕ್ಕೆ?"

"ಇಪ್ಪತ್ತು!" ಎಂದು ದರ್ಜಿ ಎಲ್ಲರಿಗಿಂತ ಮೊದಲು ಕೈಯೆತ್ತಿ ಕೂಗಿದ.

ತರಗತಿಯೆಲ್ಲ ತಿರುಗಿ ನೋಡಿತು. ಎರಡು ಜಡೆಯವಳು ಮರುಕದಿಂದ ಹೇಳಿದಳು: "ಬಕೆಟ್ ಎಷ್ಟು ದೊಡ್ಡದು ಅಂತ ಟೀಚರ್ ಹೇಳೇ ಇಲ್ಲ, ತಾತ."

"ಎಷ್ಟಿದ್ರೇನು?"

"ಹತ್ತು ಲೀಟರಿನ ಬಕೆಟ್ ಆದ್ರೆ? ಮಿಕ್ಕಿದ್ದು ಚರಂಡಿಗೆ ಹೋಗುತ್ತೆ."

"ದೊಡ್ಡ ಬಕೆಟ್ ತರಬೇಕು!"

"ಮಧ್ಯದಲ್ಲಿ ನಲ್ಲಿ ನಿಂತ್ರೆ? ನಮ್ಮನೇಲಿ ದಿನಾ ನಿಲ್ಲುತ್ತೆ."

ದರ್ಜಿ ಎತ್ತಿದ್ದ ಕೈಯನ್ನು ಕೆಳಗಿಳಿಸಿದ. ನಲ್ಲಿ ಅವನ ಮನೆಯಲ್ಲೂ ದಿನಾ ನಿಲ್ಲುತ್ತಿತ್ತು.

ಅಷ್ಟರಲ್ಲಿ ಹುಡುಗಿ ಎದ್ದು ನಿಂತು, "ಟೀಚರ್, ಗೆರೆ ಮೇಲಕ್ಕೆ ಏರ್ತಾ ಇದೆ. ಅದಕ್ಕೆ ಯಾಕೆ ಇಳಿಜಾರು ಅಂತಾರೆ?" ಎಂದಳು.

"ಮೇಲೆ ನಿಂತಿದ್ದೋನು ಯಾವನೋ ಹೆಸರಿಟ್ಟಿರ್ಬೇಕು," ಎಂದ ದರ್ಜಿ. ಟೀಚರು ಹಲಗೆಯ ಕಡೆ ತಿರುಗಿಕೊಂಡಳು. ಭುಜಗಳು ಕುಲುಕುತ್ತಿದ್ದುದನ್ನು ನೋಡಿದರೆ ನಗುತ್ತಿದ್ದಳು ಎಂದು ಕಾಣುತ್ತದೆ.

ಆಮೇಲೆ ಅವಳು ಎರಡು ಚುಕ್ಕೆ ಇಟ್ಟಳು. "ಯಾವ ಎರಡು ಚುಕ್ಕೆ ಕೊಟ್ರೂ ಮಧ್ಯೆ ನೆಟ್ಟಗೆ ಗೆರೆ ಎಳೀಬಹುದು. ಕಳ್ಳನ್ನೂ ಪೊಲೀಸನ್ನೂ ನಿಲ್ಲಿಸಿದ್ರೂ ಅವರ ಮಧ್ಯೆ ಒಂದು ಗೆರೆ ಇದ್ದೇ ಇರುತ್ತೆ. ಹಾಗಾಗಿ ಎರಡರಿಂದ ಏನೂ ತೀರ್ಮಾನ ಆಗಲ್ಲ. ಮೂರನೇದು ಬರಲಿ. ಒಂದರಿಂದ ಎರಡಕ್ಕೆ ಎಷ್ಟು ಓಡಿ ಎಷ್ಟು ಏರ್ತು ನೋಡಿ, ಎರಡರಿಂದ ಮೂರಕ್ಕೆ ಎಷ್ಟು ಓಡಿ ಎಷ್ಟು ಏರ್ತು ನೋಡಿ. ಎರಡೂ ಕಡೆ ಅದೇ ಇಳಿಜಾರು ಬಂದ್ರೆ, ಇನ್ನೂ ನಾಲ್ಕನೇದು ಐದನೇದು ತಗೊಂಡ್ರೂ ಅದೇ ಬಂದ್ರೆ, ಆಗ 'ಒಂದೇ ಸಮ' ಅನ್ನಿ. ಅಲ್ಲೀತನಕ ಯಾರಾದ್ರೂ ಮುಂದೇನು ಅಂತ ಕೇಳಿದ್ರೆ ಏನನ್ನಬೇಕು?"

"ಗೊತ್ತಿಲ್ಲ ಅನ್ನಬೇಕು ಟೀಚರ್!" ಎಂದು ಇಡೀ ತರಗತಿ ಕೂಗಿತು.

ದರ್ಜಿ ಬಾಯಿ ತೆರೆದುಕೊಂಡು ಕೂತ. ಅವನು ಓದುತ್ತಿದ್ದ ಕಾಲದಲ್ಲಿ 'ಗೊತ್ತಿಲ್ಲ' ಎಂದರೆ ಬೆತ್ತದ ಏಟು ಬೀಳುತ್ತಿತ್ತು. ಅದೇ ಸರಿಯುತ್ತರವಾಗುವ ಪ್ರಶ್ನೆಗಳೂ ಇವೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಭಾನುವಾರ ಅತ್ತೆ ಬಂದಳು. ಹಿಂದೆ ಹುಡುಗ, ಅವನ ಹಿಂದೆ ಚೀಲ ಹಿಡಿದುಕೊಂಡು ಅತ್ತೆಯ ಗಂಡ. ಆ ಮನುಷ್ಯ ಎಷ್ಟು ತೆಳ್ಳಗೆಂದರೆ ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ಬಂದರೂ ಬರುತ್ತಿದ್ದ. ಬೀದಿಯ ಅರ್ಧ ಜನ ಕ್ಷೌರ ಮಾಡಿಸಿಕೊಳ್ಳುವ ನೆಪದಲ್ಲಿ ಪಕ್ಕದಂಗಡಿಯಲ್ಲಿ ತುಂಬಿಕೊಂಡಿದ್ದರು. ಆವತ್ತು ನಿಜವಾಗಿ ತಲೆ ಕೊಟ್ಟವರ ಕೂದಲು ಒಂದೇ ಪಕ್ಕಕ್ಕೆ ಕತ್ತರಿಯಾಗಿತ್ತು.

"ಎಲ್ಲಿ ನಿಮ್ಮ ದಪ್ಪ ಅಳಿಯ?" ಎಂದಳು ಅತ್ತೆ.

"ಮೊದಲು ಇನ್ನೊಂದು ಅಳತೆ ಆಗ್ಲಮ್ಮ," ಎಂದು ದರ್ಜಿ ಟೇಪು ತೆಗೆದ.

"ಕೊಡಿ ಇಲ್ಲಿ. ನಾನೇ ಹಿಡೀತೀನಿ. ನಿಮ್ಮ ಕೈಗೆ ಸಿಕ್ಕಿದ್ರೆ ಟೇಪೂ ಹಿಗ್ಗುತ್ತೆ." ಅತ್ತೆ ಹುಡುಗನನ್ನು ಗಿರ್ರೆಂದು ತಿರುಗಿಸಿ ಸೊಂಟಕ್ಕೆ ಟೇಪು ಸುತ್ತಿ ಕೂಗಿದಳು: "ಮೂವತ್ತೆರಡು!"

ದರ್ಜಿ ಗೋಡೆಯ ಮೇಲೆ ಮೂರನೇ ಚುಕ್ಕೆ ಇಟ್ಟ. ಅದು ಅವನ ಗೆರೆಯಿಂದ ಬಹಳ ಕೆಳಗೆ, ಜಾತ್ರೆಯಲ್ಲಿ ಕಳೆದುಹೋದ ಕೂಸಿನಂತೆ ಒಂಟಿಯಾಗಿ ಕೂತಿತು. ಒಂದರಿಂದ ಎರಡಕ್ಕೆ ಏರು, ಎರಡರಿಂದ ಮೂರಕ್ಕೆ ಇಳಿತ. ದರ್ಜಿ ಅದನ್ನು ನೋಡುತ್ತಾ ನಿಂತ. ಮಗಳು ಅಪ್ಪನನ್ನು ನೋಡುತ್ತಾ ನಿಂತಳು.

"ತಿಂಗಳು ಮುಂದಕ್ಕೆ ಓಡಿದೆ, ಸೊಂಟ ವಾಪಸ್ಸು ಬಂದಿದೆ," ಎಂದು ದರ್ಜಿ ತನಗೆ ತಾನೇ ಹೇಳಿಕೊಂಡ. ಆಮೇಲೆ ಹುಡುಗನ ಕಡೆ ತಿರುಗಿದ. "ಅತ್ತೆ ಮನೇಲಿ ಊಟ ಹೇಗೆ ನಡೀತಿದೆ ಅಳಿಯಂದ್ರೇ?"

"ಎರಡನೇ ಸಲ ಬಡಿಸ್ಕೋಬೇಕಾದ್ರೆ ಟಿಕೆಟ್ ತೋರಿಸಬೇಕು ಮಾವ."

ದರ್ಜಿ ಗೋಡೆಯ ಬುಡದಲ್ಲಿ ತಾನು ಬರೆದಿದ್ದ 'ತಿಂಗಳು' ಎಂಬುದನ್ನು ಅಂಗೈಯಿಂದ ಒರೆಸಿದ. ಆ ಜಾಗದಲ್ಲಿ 'ಊಟ' ಎಂದು ಬರೆದ. "ತಿಂಗಳು ಓಡಿದ್ರೆ ಹೊಟ್ಟೆ ಏರಲ್ಲ. ಸೌಟು ಓಡಿದ್ರೆ ಏರುತ್ತೆ. ನಾನು ಓಡೋನನ್ನೇ ತಪ್ಪು ಹಿಡಿದಿದ್ದೆ."

"ಅಂದ್ರೆ ಕೊನೆಗೆ ಎಲ್ಲಾ ನನ್ನ ಸೌಟಿನ ಮೇಲೇ ಬಂತಾ?" ಎಂದಳು ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ.

"ಬಂತು ಕಣೇ."

ಅತ್ತೆಗೆ ಇಷ್ಟು ಹೊತ್ತಿಗೆ ಏನೋ ಹೊಳೆಯತೊಡಗಿತ್ತು. "ನಿಲ್ಲಿ, ನಿಲ್ಲಿ. ಹಾಗಾದ್ರೆ ಬೇರೆ ದಪ್ಪನೆಯವನು ಅಂತ ಯಾರೂ ಇಲ್ವಾ?"

"ಯಾರೂ ಇಲ್ಲಮ್ಮ. ಅಳಿಯ ಬದಲಾಗ್ತಾನೆ ಅಂದ್ರೆ ಇದೇ ಅಳಿಯನೇ ದಪ್ಪಗಾಗ್ತಾನೆ ಅಂತ. ಬೇರೆಯವನು ಬರ್ತಾನೆ ಅಂತಲ್ಲ. ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ."

"ಹೊಟ್ಟೆಗೆ ಹಾಕ್ಕೊಂಡೇ ಇಷ್ಟೆಲ್ಲ ರಂಪ ಆಗಿರೋದು!" ಎಂದಳು ಅತ್ತೆ. ಆದರೆ ಧ್ವನಿ ಒಂದು ನಿಲ್ದಾಣದಷ್ಟು ಇಳಿದಿತ್ತು. "ಆಯ್ತು, ಕತ್ತರಿ ತಗೊಳ್ಳಿ."

ದರ್ಜಿ ತೋಳಿನೊಳಗಿನ ಬೆಕ್ಕಿನ ಸಂಸಾರವನ್ನು ಒಂದೊಂದಾಗಿ ಎತ್ತಿ ಬುಟ್ಟಿಗೆ ಹಾಕಿ, ಕೋಟನ್ನು ಹಲಗೆಯ ಮೇಲೆ ಹರಡಿದ. ಅರ್ಧ ಒಳಗೆ, ಅರ್ಧ ಬೀದಿಯಲ್ಲಿ. ಹೊಲಿಗೆಗಳನ್ನು ಬಿಚ್ಚಿ, ಸೀಮೆಸುಣ್ಣದಿಂದ ಗುರುತು ಹಾಕಿ, ಕತ್ತರಿ ಎತ್ತಿಕೊಂಡ. ಕೈ ಮುಂದಕ್ಕೆ ಹೋಗಲಿಲ್ಲ. ನಾಳೆಗೆಂದು ಹೊಲಿದದ್ದನ್ನು ಅವನು ಜೀವಮಾನದಲ್ಲಿ ಒಮ್ಮೆಯೂ ಕತ್ತರಿಸಿದವನಲ್ಲ. ಹುಡುಗ ಹೊಟ್ಟೆಯನ್ನು ಆದಷ್ಟು ಒಳಗೆಳೆದುಕೊಂಡು ನಿಂತಿದ್ದ.

ಅತ್ತೆ ಮೆಟ್ಟಿಲ ಗೋಡೆಗೆ ಎರಡು ಸಲ ಫಟ್ ಫಟ್ ಎಂದು ಬಡಿದು ಕೂಗಿದಳು: "ರೈಟ್!"

ಕತ್ತರಿ ಹೊರಟಿತು. ಬೀದಿಯಲ್ಲಿ ನಿಂತಿದ್ದ ಆಟೋ ಒಂದು ತಪ್ಪು ತಿಳಿದು ತಾನೂ ಹೊರಟುಬಿಟ್ಟಿತು.

ಕೋಟು ಮೂವತ್ತೆರಡಕ್ಕೆ ಬಂದು ನಿಂತಾಗ ಹಲಗೆಯ ಮೇಲೆ ಬಟ್ಟೆಯ ಗುಡ್ಡವೇ ಮಿಕ್ಕಿತ್ತು. ಅತ್ತೆ ಅದನ್ನು ನೋಡಿದಳು. ಆಮೇಲೆ ಚೀಲ ಹಿಡಿದು ನಿಂತಿದ್ದ ಗಂಡನನ್ನು ನೋಡಿದಳು. "ಇದ್ರಲ್ಲಿ ಇವ್ರಿಗೂ ಒಂದು ಆಗುತ್ತಾ? ಮದುವೆಗೆ ಸಾಕ್ಷಿ ಹಾಕೋಕೆ ಬರ್ತಾರೆ. ಮೈ ಮೇಲೆ ಹಾಕ್ಕೊಳ್ಳೋಕೆ ನೆಟ್ಟಗಿರೋದು ಒಂದಿಲ್ಲ."

"ಇವ್ರಿಗೆ ಒಂದು ಕೋಟು, ಒಂದು ಟೋಪಿ, ಮಳೆಗಾಲಕ್ಕೊಂದು ಡೇರೆ, ಎಲ್ಲಾ ಆಗುತ್ತೆ," ಎಂದು ದರ್ಜಿ ಟೇಪು ಹಿಡಿದ. ಇಪ್ಪತ್ತೆಂಟು. "ಇವತ್ತೇ ಕತ್ತರಿಸಲ್ಲ. ಇನ್ನೆರಡು ಸಲ ಬಂದು ಹೋಗ್ಲಿ. ಮೂರಾಗ್ಲಿ."

ಆ ಮನುಷ್ಯ ಎರಡು ಭಾನುವಾರ ಬಂದ. ಎರಡನೇ ಸಲವೂ ಇಪ್ಪತ್ತೆಂಟು, ಮೂರನೇ ಸಲವೂ ಇಪ್ಪತ್ತೆಂಟು. ಗೋಡೆಯ ಮೇಲೆ ಮೂರು ಚುಕ್ಕೆಗಳೂ ಅಂಗಳದಲ್ಲಿ ಮಲಗಿದಂತೆ ಅಡ್ಡಡ್ಡ ಬಂದವು. "ಇಳಿಜಾರು ಸೊನ್ನೆ!" ಎಂದ ದರ್ಜಿ ಗೌರವದಿಂದ.

"ಮದುವೆ ಆದಾಗಿನಿಂದ ಹೀಗೇ," ಎಂದಳು ಅತ್ತೆ. "ಏರೂ ಇಲ್ಲ, ಇಳಿತವೂ ಇಲ್ಲ. ಏನು ಹಾಕಿದ್ರೂ ಎಲ್ಲಿ ಹೋಗುತ್ತೋ."

ದರ್ಜಿ ಅವನ ಕೋಟನ್ನು ಮನಸ್ಸಿಟ್ಟು ಹೊಲಿದ. ಒಂದೇ ಅಳತೆಯಲ್ಲಿ ನಿಲ್ಲುವ ಮನುಷ್ಯ ದರ್ಜಿಗೆ ಸಿಗುವುದು ಅಪರೂಪ. ಮದುವೆಯ ದಿನ ನೋಂದಣಿ ಕಚೇರಿಯಲ್ಲಿ ಮಗಳ ಎಡಕ್ಕೆ ಬೂದು ಕೋಟಿನಲ್ಲಿ ಲಿಫ್ಟಿನ ಹುಡುಗ, ಬಲಕ್ಕೆ ಸಾಕ್ಷಿ ಹಾಕಲು ಅದೇ ಬೂದು ಬಟ್ಟೆಯ, ಅದೇ ಗುಂಡಿಗಳ ಕೋಟಿನಲ್ಲಿ ಅತ್ತೆಯ ಗಂಡ ನಿಂತರು. ದರ್ಜಿಯ ಹೆಂಡತಿ ಹೆದರಿಕೊಂಡು ಸೌಟನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು. ಅತ್ತೆ ಹಿಂದೆ ನಿಂತಿದ್ದವರನ್ನೆಲ್ಲ "ಮುಂದೆ ಹೋಗಿ, ಮುಂದೆ ಜಾಗ ಇದೆ," ಎಂದು ತಳ್ಳುವುದರಲ್ಲಿ ಮಗ್ನಳಾಗಿದ್ದಳು. ನೋಂದಣಿ ಅಧಿಕಾರಿ ಕಾಗದದಿಂದ ತಲೆಯೆತ್ತಿ ಕನ್ನಡಕ ಸರಿಮಾಡಿಕೊಂಡು ಒಂದು ಕೋಟನ್ನು ನೋಡಿದರು, ಇನ್ನೊಂದು ಕೋಟನ್ನು ನೋಡಿದರು. ನಿಜ ಹೇಳಬೇಕೆಂದರೆ, ಎರಡನೆಯದೇ ಮೈಗೆ ಹೆಚ್ಚು ಸೊಗಸಾಗಿ ಕೂತಿತ್ತು. ಅವರು ಪೆನ್ನನ್ನು ಅದರ ಕಡೆಗೆ ಚಾಚಿದರು.

"ವರ ನೀವೇ ತಾನೇ?"

ಅತ್ತೆಯ ಗಂಡ ಗಾಬರಿಯಿಂದ ಒಂದು ಹೆಜ್ಜೆ ಹಿಂದಕ್ಕೆ ಸರಿದು, ಎರಡೂ ಕೈ ಜೋಡಿಸಿದ.

"ನಾನಲ್ಲ ಸ್ವಾಮಿ. ನನ್ನದು ಆಗಿಹೋಗಿದೆ."